ಮನುಷ್ಯನ ಮನಸ್ಸನ್ನು ಅರಿಯುವ ಶಾಸ್ತ್ರಕ್ಕೆ ಪ್ರಾಣಿಗಳ ವರ್ತನೆ ಏಕೆ ಬೇಕು?

ಪ್ರಶ್ನೆ: ಪದವಿ ವಿದ್ಯಾರ್ಥಿನಿ

ಎಲ್ಲರಿಗೂ ನಮಸ್ಕಾರ. ನಾನು ಪದವಿಯ ಮೊದಲ ವರ್ಷದಲ್ಲಿ ಮನೋವಿಜ್ಞಾನ ಓದುತ್ತಿದ್ದೇನೆ. ಈ ವಿಷಯವನ್ನು ಆಯ್ದುಕೊಳ್ಳುವಾಗ ಮನುಷ್ಯರ ಭಾವನೆ, ಯೋಚನೆ, ಸಂಬಂಧಗಳ ಬಗ್ಗೆ ಓದುವುದಿರುತ್ತದೆ ಎಂದುಕೊಂಡಿದ್ದೆ. ಆದರೆ ಕಲಿಕೆಯ ಅಧ್ಯಾಯಕ್ಕೆ ಬಂದ ಮೇಲೆ ಪಾವ್ಲೋವ್ ಅವರ ನಾಯಿ, ಥಾರ್ನ್‌ಡೈಕ್ ಅವರ ಬೆಕ್ಕು, ಸ್ಕಿನ್ನರ್ ಅವರ ಇಲಿ ಮತ್ತು ಪಾರಿವಾಳ, ಕೋಹ್ಲರ್ ಅವರ ಚಿಂಪಾಂಜಿ, ಹೀಗೆ ಪುಟ ತಿರುವಿದಲ್ಲೆಲ್ಲ ಪ್ರಾಣಿಗಳೇ ಎದುರಾಗುತ್ತಿವೆ. ಮನೋವಿಜ್ಞಾನವೆಂದರೆ ಮನುಷ್ಯರ ಮತ್ತು ಪ್ರಾಣಿಗಳ ವರ್ತನೆಯ ವೈಜ್ಞಾನಿಕ ಅಧ್ಯಯನ ಎಂದು ಪಠ್ಯದ ಆರಂಭದಲ್ಲೇ ಹೇಳಿದ್ದಾರೆ. ಏಕೆ ಎಂಬುದಕ್ಕೆ ಮಾತ್ರ ನಾಲ್ಕೇ ಸಾಲಿನ ಉತ್ತರವಿದೆ. ಪ್ರಾಣಿಗಳ ಆಯುಷ್ಯ ಚಿಕ್ಕದು, ಅವುಗಳ ಪರಿಸರವನ್ನು ನಿಯಂತ್ರಿಸುವುದು ಸುಲಭ, ಮನುಷ್ಯರ ಮೇಲೆ ಮಾಡಲಾಗದ ಪ್ರಯೋಗಗಳನ್ನು ಅವುಗಳ ಮೇಲೆ ಮಾಡಬಹುದು ಎಂದು ಬರೆದು ಮುಂದಿನ ವಿಷಯಕ್ಕೆ ಹೋಗಿಬಿಟ್ಟಿದ್ದಾರೆ.

ಪರೀಕ್ಷೆಗೆ ಅಷ್ಟು ಸಾಕಾಗಬಹುದು, ನನಗೆ ಸಾಲುತ್ತಿಲ್ಲ. ಪ್ರಾಣಿಗಳ ಮನಸ್ಸು ನಮ್ಮ ಮನಸ್ಸಿಗಿಂತ ತೀರ ಬೇರೆಯಾಗಿದ್ದರೆ ಅವುಗಳಿಂದ ತಿಳಿದದ್ದು ನಮಗೆ ಅನ್ವಯಿಸುವುದು ಹೇಗೆ? ನಮ್ಮಂತೆಯೇ ಇದ್ದರೆ, ನಮ್ಮ ಮೇಲೆ ಮಾಡಬಾರದ್ದನ್ನು ಅವುಗಳ ಮೇಲೆ ಮಾಡುವುದು ಹೇಗೆ ಸರಿಯಾಗುತ್ತದೆ? ಯಾವ ಕಡೆಯಿಂದ ಹೊರಟರೂ ದಾರಿ ಕಟ್ಟಿದಂತಾಗುತ್ತಿದೆ. ಬಲ್ಲವರು ವಿವರವಾಗಿ ಬರೆದರೆ ಉಪಕಾರವಾಗುತ್ತದೆ.

ಉತ್ತರ 1: ನಿವೃತ್ತ ಉಪನ್ಯಾಸಕ

ನಿಮ್ಮ ಪ್ರಶ್ನೆಯ ಎರಡನೆಯ ಭಾಗವೇ ಹೆಚ್ಚು ತೂಕದ್ದು. ಅದಕ್ಕೆ ನನಗಿಂತ ಚೆನ್ನಾಗಿ ಉತ್ತರಿಸಬಲ್ಲವರು ಇಲ್ಲಿದ್ದಾರೆ. ನಾನು ಮೊದಲ ಭಾಗವನ್ನಷ್ಟೇ ಹಿಡಿದುಕೊಳ್ಳುತ್ತೇನೆ. ಪಠ್ಯಪುಸ್ತಕದ ಆ ನಾಲ್ಕು ಸಾಲು ಸುಳ್ಳಲ್ಲ, ಆದರೆ ಅವು ಅನುಕೂಲಗಳನ್ನು ಹೇಳುತ್ತವೆಯೇ ಹೊರತು ಕಾರಣವನ್ನು ಹೇಳುವುದಿಲ್ಲ. ಬಹುಕಾಲ ಇದೇ ಪಾಠ ಹೇಳಿದ ನನಗೆ ಕಂಡ ಮುಖ್ಯ ಕಾರಣವೆಂದರೆ ಪ್ರಾಣಿಗೆ ಮಾತಿಲ್ಲ ಎಂಬುದು. ಮಾತಿಲ್ಲದ ಜೀವಿಯ ಒಳಗೆ ಏನು ನಡೆಯುತ್ತಿದೆ ಎಂದು ತಿಳಿಯಲು ಹೊರಟಾಗಲೇ ನಮ್ಮ ಶಾಸ್ತ್ರ ಪ್ರಶ್ನೆ ಕೇಳುವುದನ್ನು ಕಲಿತದ್ದು.

ಮನೋವಿಜ್ಞಾನದ ಮೊದಲ ಪ್ರಯೋಗಾಲಯ 1879ರಲ್ಲಿ ಲೈಪ್ಜಿಗ್‌ನಲ್ಲಿ ಆರಂಭವಾಯಿತು ಎಂದು ನೀವು ಓದಿರುತ್ತೀರಿ. ಆ ಕಾಲದ ವಿಧಾನಗಳಲ್ಲಿ ಅಂತರಾವಲೋಕನಕ್ಕೆ ದೊಡ್ಡ ಸ್ಥಾನವಿತ್ತು: ತರಬೇತಿ ಪಡೆದ ವ್ಯಕ್ತಿ ತನ್ನ ಅನುಭವವನ್ನು ತಾನೇ ಗಮನಿಸಿ ವರದಿ ಮಾಡಬೇಕು. ಎರಡು ಪ್ರಯೋಗಾಲಯಗಳ ವರದಿಗಳು ಪರಸ್ಪರ ವಿರುದ್ಧವಾದರೆ ಯಾವುದು ಸರಿ ಎಂದು ತೀರ್ಮಾನಿಸಲು ಹೊರಗಿನವರಿಗೆ ಯಾವ ದಾರಿಯೂ ಇರಲಿಲ್ಲ. ಅತ್ತ ಡಾರ್ವಿನ್ 1871ರಲ್ಲಿಯೇ ಮನುಷ್ಯನ ಮನಸ್ಸಿಗೂ ಮೇಲ್ಮಟ್ಟದ ಪ್ರಾಣಿಗಳ ಮನಸ್ಸಿಗೂ ಇರುವ ಅಂತರ ಎಷ್ಟೇ ದೊಡ್ಡದಾದರೂ ಅದು ಪ್ರಮಾಣದ ಅಂತರವೇ ಹೊರತು ಬಗೆಯ ಅಂತರವಲ್ಲ ಎಂದು ವಾದಿಸಿದ್ದರು. ಅವರನ್ನು ಅನುಸರಿಸಿದ ರೊಮಾನೆಸ್ 1882ರಲ್ಲಿ ಪ್ರಾಣಿಗಳ ಬುದ್ಧಿವಂತಿಕೆಯ ಕುರಿತು ಜನ ಹೇಳಿದ ಪ್ರಸಂಗಗಳನ್ನು ರಾಶಿ ಹಾಕಿದರು. ಅಲ್ಲಿ ಎದುರಾದದ್ದು ಇನ್ನೊಂದು ತೊಂದರೆ. ನಾಯಿ ಬಾಗಿಲು ತೆರೆದರೆ ಸಾಕು, ಅದಕ್ಕೆ ಅಗುಳಿಯ ತತ್ವವೇ ಅರ್ಥವಾಗಿದೆ ಎಂದು ನೋಡಿದವರು ನಂಬಿಬಿಡುತ್ತಿದ್ದರು.

ಪ್ರಾಣಿಗಳ ವರ್ತನೆಯನ್ನು ಅಧ್ಯಯನ ಮಾಡುತ್ತಿದ್ದ ಲಾಯ್ಡ್ ಮಾರ್ಗನ್ ಅವರ ಬಳಿ ಟೋನಿ ಎಂಬ ನಾಯಿಯಿತ್ತು. ಅದು ಗೇಟಿನ ಚಿಲಕದ ಕೆಳಗೆ ತಲೆಯೊಡ್ಡಿ, ಚಿಲಕವನ್ನೆತ್ತಿ, ಬೀದಿಗೆ ಓಡುತ್ತಿತ್ತು. ಮೊದಲ ಸಲ ನೋಡಿದವರಿಗೆ ಅದು ಬುದ್ಧಿಯ ಪವಾಡವಾಗಿಯೇ ಕಾಣುತ್ತಿತ್ತು. ಮಾರ್ಗನ್ ಮಾತ್ರ ಆರಂಭದಿಂದ ನೋಡುತ್ತ ಬಂದವರು. ಬೀದಿ ನೋಡುವ ಆಸೆಯಿಂದ ನಾಯಿ ಕಂಬಿಗಳ ನಡುವೆ ಅಲ್ಲಲ್ಲಿ ತಲೆ ತೂರಿಸುತ್ತಿತ್ತು. ಒಮ್ಮೆ ಅಕಸ್ಮಾತ್ತಾಗಿ ತಲೆ ಚಿಲಕದ ಕೆಳಗೆ ಹೋಯಿತು, ಗೇಟು ತೆರೆದುಕೊಂಡಿತು. ಆಮೇಲೂ ವಾರಗಟ್ಟಲೆ ಅದು ತಪ್ಪು ಜಾಗಗಳಲ್ಲಿ ತಲೆಯೊಡ್ಡಿಯೇ ಒಡ್ಡಿತು, ತಪ್ಪುಗಳು ನಿಧಾನವಾಗಿ ಕಡಿಮೆಯಾದವು. ಸರಳವಾದ ಪ್ರಕ್ರಿಯೆಯಿಂದ ವಿವರಿಸಬಹುದಾದ ವರ್ತನೆಗೆ ಉನ್ನತ ಮಾನಸಿಕ ಶಕ್ತಿಯನ್ನು ಆರೋಪಿಸಬಾರದು ಎಂದು ಅವರು 1894ರಲ್ಲಿ ಬರೆದ ನಿಯಮದ ಹಿಂದೆ ಇಂಥ ತಾಳ್ಮೆಯ ನೋಟವಿದೆ. ನಾಲ್ಕು ವರ್ಷಗಳ ಅನಂತರ ಥಾರ್ನ್‌ಡೈಕ್ ಬೆಕ್ಕನ್ನು ಪೆಟ್ಟಿಗೆಯಲ್ಲಿಟ್ಟು, ಅದು ಹೊರಬರಲು ತೆಗೆದುಕೊಂಡ ಸಮಯವನ್ನು ಸಲಸಲಕ್ಕೂ ಅಳೆದು ರೇಖೆ ಎಳೆದಾಗ, ಪ್ರಯತ್ನ-ಪ್ರಮಾದ ಕಲಿಕೆ ಎಂಬುದು ಕತೆಯಾಗಿ ಉಳಿಯದೆ ಯಾರು ಬೇಕಾದರೂ ಮತ್ತೆ ಅಳೆದು ನೋಡಬಹುದಾದ ಸಂಗತಿಯಾಯಿತು.

ನನಗೆ ಅತ್ಯಂತ ಪ್ರಿಯವಾದ ಉದಾಹರಣೆ ಹ್ಯಾನ್ಸ್ ಎಂಬ ಕುದುರೆಯದು. ಬರ್ಲಿನ್‌ನಲ್ಲಿ ಫಾನ್ ಓಸ್ಟೆನ್ ಎಂಬ ನಿವೃತ್ತ ಶಿಕ್ಷಕರು ತಮ್ಮ ಕುದುರೆಗೆ ಕೂಡುವುದು, ಕಳೆಯುವುದು, ಭಿನ್ನರಾಶಿಯ ಲೆಕ್ಕವನ್ನೂ ಕಲಿಸಿದ್ದೇನೆ ಎಂದು ಪ್ರಾಮಾಣಿಕವಾಗಿ ನಂಬಿದ್ದರು. ಪ್ರಶ್ನೆ ಕೇಳಿದರೆ ಅದು ಗೊರಸನ್ನು ನೆಲಕ್ಕೆ ಬಡಿದು ಉತ್ತರದ ಸಂಖ್ಯೆಗೆ ಸರಿಯಾಗಿ ನಿಲ್ಲಿಸುತ್ತಿತ್ತು. 1904ರಲ್ಲಿ ತಜ್ಞರ ಒಂದು ಸಮಿತಿ ಪರಿಶೀಲಿಸಿ, ಇದರಲ್ಲಿ ಮೋಸವಿಲ್ಲ ಎಂದು ಹೇಳಿತು. ಮೋಸ ನಿಜಕ್ಕೂ ಇರಲಿಲ್ಲ. ಆಮೇಲೆ ಆಸ್ಕರ್ ಫಂಗ್‌ಸ್ಟ್ ಎಂಬ ಯುವಕ ಎರಡು ಸಣ್ಣ ಬದಲಾವಣೆ ಮಾಡಿ ನೋಡಿದರು. ಪ್ರಶ್ನೆ ಕೇಳುವವರಿಗೇ ಉತ್ತರ ಗೊತ್ತಿರದಂತೆ ಮಾಡಿದಾಗ ಕುದುರೆ ತಪ್ಪಿತು. ಪ್ರಶ್ನೆ ಕೇಳುವವರು ಕುದುರೆಗೆ ಕಾಣದಂತೆ ಮರೆಮಾಡಿದಾಗಲೂ ತಪ್ಪಿತು. ಗೊರಸು ನೋಡಲೆಂದು ಕೇಳುವವರ ತಲೆ ಒಂದಿಷ್ಟು ಮುಂದಕ್ಕೆ ಬಾಗುತ್ತಿತ್ತು, ಸರಿಯಾದ ಸಂಖ್ಯೆ ಬಂದ ಕ್ಷಣ ಅವರಿಗೇ ಅರಿವಿಲ್ಲದಂತೆ ಕೂದಲೆಳೆಯಷ್ಟು ಮೇಲೇಳುತ್ತಿತ್ತು. ಕುದುರೆ ಓದುತ್ತಿದ್ದದ್ದು ಆ ಚಲನೆಯನ್ನು.

ಇದರ ಮುಂದಿನ ಭಾಗವನ್ನು ಅನೇಕರು ಹೇಳುವುದಿಲ್ಲ. ಫಂಗ್‌ಸ್ಟ್ ತಾವೇ ಕುದುರೆಯ ಜಾಗದಲ್ಲಿ ನಿಂತರು. ಎದುರಿನವರು ಮನಸ್ಸಿನಲ್ಲಿ ಒಂದು ಸಂಖ್ಯೆಯನ್ನು ಇಟ್ಟುಕೊಳ್ಳಬೇಕು, ಇವರು ಕೈಯಿಂದ ತಟ್ಟುತ್ತ ಹೋಗಿ, ಆ ಸಣ್ಣ ಚಲನೆ ಕಂಡ ಕೂಡಲೇ ನಿಲ್ಲಿಸಬೇಕು. ಎದುರು ಕೂತ ಬಹುಪಾಲು ಜನರಿಂದ ಅವರು ಹೀಗೆ ಸಂಖ್ಯೆಯನ್ನು ಓದಿಬಿಟ್ಟರು. ಕುದುರೆಯ ಬುದ್ಧಿ ತಿಳಿಯಲು ಹೊರಟ ಪ್ರಯೋಗ, ಮನುಷ್ಯ ತನಗೇ ಗೊತ್ತಿಲ್ಲದೆ ತನ್ನ ನಿರೀಕ್ಷೆಯನ್ನು ಮೈಯಿಂದ ಹೊರಗೆಡಹುತ್ತಾನೆ ಎಂಬುದನ್ನು ತೋರಿಸಿತು. ಇಂದು ಔಷಧ ಪರೀಕ್ಷೆಯಲ್ಲಿ ಕೊಡುವವರಿಗೂ ತೆಗೆದುಕೊಳ್ಳುವವರಿಗೂ ಯಾವುದು ನಿಜವಾದ ಔಷಧ ಎಂದು ತಿಳಿಯದಂತೆ ಇಡುವ ಕ್ರಮ ಇದೇ ಎಚ್ಚರಕ್ಕೆ ಸೇರಿದ್ದು. 1963ರಲ್ಲಿ ರೋಸೆಂತಾಲ್ ಒಂದೇ ಬಗೆಯ ಇಲಿಗಳನ್ನು ವಿದ್ಯಾರ್ಥಿಗಳಿಗೆ ಹಂಚಿ, ಕೆಲವರಿಗೆ ಚುರುಕು ಇಲಿಗಳೆಂದೂ ಉಳಿದವರಿಗೆ ಮಂದ ಇಲಿಗಳೆಂದೂ ಹೇಳಿದಾಗ, ಚುರುಕೆಂದು ಹೆಸರಾದ ಇಲಿಗಳೇ ಚೆನ್ನಾಗಿ ಕಲಿತಂತೆ ಫಲಿತಾಂಶ ಬಂದಿತು. ಶಿಕ್ಷಕರ ನಿರೀಕ್ಷೆ ಮಕ್ಕಳ ಕಲಿಕೆಯ ಮೇಲೆ ಏನು ಮಾಡುತ್ತದೆ ಎಂಬ ಅವರ ಪ್ರಸಿದ್ಧ ಅಧ್ಯಯನ ಆಮೇಲೆ ಬಂದದ್ದು.

ಇನ್ನೊಂದೇ ಒಂದು ಮಾತು. ಎಳೆಗೂಸು ಏನನ್ನು ನೋಡುತ್ತದೆ, ಆಕಾರಗಳ ನಡುವೆ ವ್ಯತ್ಯಾಸ ಕಾಣುತ್ತದೆಯೇ ಎಂದು ತಿಳಿಯಲು ಮಗು ಎಷ್ಟು ಹೊತ್ತು ಯಾವ ಚಿತ್ರವನ್ನು ನೋಡುತ್ತದೆ ಎಂದು ಅಳೆಯುವ ವಿಧಾನವಿದೆ. ಅದನ್ನು ರೂಪಿಸಿದ ರಾಬರ್ಟ್ ಫ್ಯಾಂಟ್ಜ್ ಮೊದಲು ಆಗತಾನೇ ಮೊಟ್ಟೆಯೊಡೆದ ಕೋಳಿಮರಿಗಳು ಯಾವ ಆಕಾರವನ್ನು ಹೆಚ್ಚು ಕುಕ್ಕುತ್ತವೆ ಎಂದು ಎಣಿಸಿದವರು, ಆಮೇಲೆ ಚಿಂಪಾಂಜಿ ಮರಿಯನ್ನು ನೋಡಿದವರು, ಕೊನೆಗೆ ಮಾನವ ಶಿಶುವಿನ ಬಳಿಗೆ ಬಂದವರು. ಕೋಳಿಮರಿಗೆ ಕೇಳಿದ ಪ್ರಶ್ನೆಯ ರೂಪವೇ ಮಗುವಿಗೂ ಒದಗಿತು, ಏಕೆಂದರೆ ಇಬ್ಬರಿಗೂ ಮಾತಿಲ್ಲ. ಮಾತು ಬಾರದ ಮಕ್ಕಳು, ಮಾತು ಕಳೆದುಕೊಂಡ ರೋಗಿಗಳು, ಮಾತಿದ್ದರೂ ತಮ್ಮ ವರ್ತನೆಯ ಕಾರಣ ತಮಗೇ ತಿಳಿಯದ ನಾವೆಲ್ಲರೂ ಈ ವಿಧಾನಗಳ ಫಲಾನುಭವಿಗಳು.

ಉತ್ತರ 2: ಪ್ರಯೋಗಾಲಯದಲ್ಲಿ ಕೆಲಸ ಮಾಡುವವಳು

ಉಪನ್ಯಾಸಕರು ವಿಧಾನದ ಬಗ್ಗೆ ಬರೆದಿದ್ದಾರೆ. ನಾನು ಪ್ರಾಣಿಗಳ ಮತ್ತು ನಮ್ಮ ನಡುವಿನ ಹೋಲಿಕೆಯ ಬಗ್ಗೆ ಬರೆಯುತ್ತೇನೆ. ಪ್ರಾಣಿಗಳು ನಮ್ಮಂತೆ ಇವೆಯೇ, ಇಲ್ಲವೇ ಎಂದು ಇಡಿಯಾಗಿ ಕೇಳಿದರೆ ಉತ್ತರ ಸಿಗುವುದಿಲ್ಲ. ಯಾವ ಪ್ರಕ್ರಿಯೆಯಲ್ಲಿ, ಯಾವ ಮಟ್ಟದಲ್ಲಿ ಎಂದು ಕೇಳಬೇಕು.

ಎಪ್ಲೀಸಿಯಾ ಎಂಬ ಕಡಲ ಬಸವನಹುಳುವಿನ ಇಡೀ ನರಮಂಡಲದಲ್ಲಿ ಇರುವುದು ಸುಮಾರು 20,000 ನರಕೋಶಗಳು. ಅವುಗಳಲ್ಲಿ ಹಲವು ಎಷ್ಟು ದೊಡ್ಡವೆಂದರೆ ಒಂದೊಂದನ್ನೂ ಗುರುತಿಸಿ ಹೆಸರಿಡಬಹುದು. ಅದರ ಮೈಯನ್ನು ಮೆಲ್ಲಗೆ ಮುಟ್ಟಿದರೆ ಕಿವಿರನ್ನು ಒಳಗೆಳೆದುಕೊಳ್ಳುತ್ತದೆ. ಮತ್ತೆ ಮತ್ತೆ ಮುಟ್ಟಿದರೆ ಅಪಾಯವಿಲ್ಲವೆಂದು ರೂಢಿಯಾಗಿ ಎಳೆದುಕೊಳ್ಳುವುದು ಕಡಿಮೆಯಾಗುತ್ತದೆ. ಬಾಲಕ್ಕೆ ಒಮ್ಮೆ ವಿದ್ಯುತ್ತಿನ ಪೆಟ್ಟು ಬಿದ್ದರೆ ಆಮೇಲೆ ಸಣ್ಣ ಸ್ಪರ್ಶಕ್ಕೂ ಬಲವಾಗಿ ಎಳೆದುಕೊಳ್ಳುತ್ತದೆ. ಎರಿಕ್ ಕ್ಯಾಂಡೆಲ್ ಇದನ್ನೇ ಹಿಡಿದು, ನೆನಪು ಉಳಿಯುವಾಗ ನರಕೋಶಗಳ ನಡುವಿನ ಸಂಪರ್ಕದಲ್ಲಿ ಏನು ಬದಲಾಗುತ್ತದೆ ಎಂದು ತೋರಿಸಿದರು. 2000ದಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿಯ ಪಾಲು ಬಂದಿತು. ಬಸವನಹುಳುವಿಗೆ ಕವಿತೆ ನೆನಪಿರುವುದಿಲ್ಲ, ನಿಜ. ಆದರೆ ನೆನಪನ್ನು ದೀರ್ಘಕಾಲ ಉಳಿಸುವ ರಾಸಾಯನಿಕ ವ್ಯವಸ್ಥೆಯಲ್ಲಿ ಹುಳು, ನೊಣ, ಇಲಿಗಳ ನಡುವೆ ಆಶ್ಚರ್ಯವಾಗುವಷ್ಟು ಸಾಮ್ಯವಿದೆ.

ಇದರಷ್ಟೇ ಮುಖ್ಯವಾದದ್ದು, ಪ್ರಾಣಿಗಳು ನಮ್ಮಿಂದಲೂ ಒಂದರಿಂದ ಒಂದೂ ಬೇರೆಯಾಗಿರುವುದರಿಂದ ಸಿಗುವ ತಿಳಿವಳಿಕೆ. ವಿದ್ಯಾರ್ಥಿನಿಯವರು ಪ್ರಾಣಿಗಳು ಬೇರೆಯಾಗಿದ್ದರೆ ಪ್ರಯೋಜನವಿಲ್ಲ ಎಂದುಕೊಂಡಿದ್ದಾರೆ. ನನ್ನ ಅನುಭವದಲ್ಲಿ ವಿಷಯ ತಿರುಗಾಮುರುಗಾ ಇದೆ. ಯಾವ ಪ್ರಚೋದನೆಯನ್ನಾದರೂ ಯಾವ ಪರಿಣಾಮಕ್ಕಾದರೂ ಜೋಡಿಸಿ ಕಲಿಸಬಹುದು ಎಂದು ಒಂದು ಕಾಲದಲ್ಲಿ ನಂಬಿದ್ದರು. 1966ರಲ್ಲಿ ಗಾರ್ಸಿಯಾ ಮತ್ತು ಕೆಲ್ಲಿಂಗ್ ಇಲಿಗಳಿಗೆ ರುಚಿಯೂ ಇದ್ದ, ಕುಡಿಯುವಾಗ ಬೆಳಕು ಮತ್ತು ಸದ್ದೂ ಬರುತ್ತಿದ್ದ ನೀರನ್ನು ಕೊಟ್ಟರು. ಆಮೇಲೆ ಹೊಟ್ಟೆ ತೊಳಸುವಂತೆ ಮಾಡಿದ ಇಲಿಗಳು ಆ ರುಚಿಯನ್ನು ದೂರವಿಟ್ಟವು, ಬೆಳಕು-ಸದ್ದನ್ನು ಲೆಕ್ಕಿಸಲಿಲ್ಲ. ಕಾಲಿಗೆ ವಿದ್ಯುತ್ತಿನ ಪೆಟ್ಟು ತಿಂದ ಇಲಿಗಳು ಬೆಳಕು-ಸದ್ದಿಗೆ ಹೆದರಿದವು, ರುಚಿಯನ್ನು ಲೆಕ್ಕಿಸಲಿಲ್ಲ. 1971ರಲ್ಲಿ ಬೇರೆ ಸಂಶೋಧಕರು ಇಲಿಗೂ ಲಾವಕ್ಕಿಗೂ ಹುಳಿಯಾದ ನೀಲಿ ಬಣ್ಣದ ನೀರು ಕುಡಿಸಿ, ಆಮೇಲೆ ಕಾಯಿಲೆ ಬರುವಂತೆ ಮಾಡಿದರು. ಇಲಿ ಹುಳಿಯನ್ನು ದೂಷಿಸಿತು, ಲಾವಕ್ಕಿ ನೀಲಿಯನ್ನು ದೂಷಿಸಿತು. ಇಲಿ ಕತ್ತಲಲ್ಲಿ ಮೂಗು-ನಾಲಿಗೆಯಿಂದ ಆಹಾರ ಆರಿಸುವ ಪ್ರಾಣಿ, ಹಕ್ಕಿ ಕಣ್ಣಿನಿಂದ ಆರಿಸುವ ಜೀವಿ. ಕಲಿಕೆಯ ನಿಯಮ ಸಾಮಾನ್ಯವಾದದ್ದೇ ಆದರೂ ಪ್ರತಿಯೊಂದು ಜೀವಿಯೂ ತನ್ನ ಬದುಕಿಗೆ ತಕ್ಕ ಒಲವುಗಳೊಡನೆ ಕಲಿಯಲು ಬರುತ್ತದೆ ಎಂಬುದು ಒಂದೇ ಪ್ರಾಣಿಯನ್ನು ನೋಡುತ್ತ ಕೂತಿದ್ದರೆ ಎಂದಿಗೂ ತಿಳಿಯುತ್ತಿರಲಿಲ್ಲ. ಕ್ಯಾನ್ಸರ್ ಚಿಕಿತ್ಸೆಯಲ್ಲಿರುವ ಮಕ್ಕಳು ವಾಂತಿ ತರಿಸುವ ಔಷಧಕ್ಕೆ ಮುಂಚೆ ತಿಂದ ಐಸ್‌ಕ್ರೀಮಿನ ಮೇಲೆ ಹೇಸಿಗೆ ಬೆಳೆಸಿಕೊಳ್ಳುತ್ತಾರೆ ಎಂದು 1978ರಲ್ಲಿ ಬರ್ನ್‌ಸ್ಟೈನ್ ತೋರಿಸಿದ್ದು ಈ ಇಲಿಗಳ ಅಧ್ಯಯನದ ಬೆನ್ನಿಗೇ.

ಬ್ರೆಲಂಡ್ ದಂಪತಿಗಳ ರಕೂನ್ (ಮುಂಗಾಲುಗಳನ್ನು ಕೈಗಳಂತೆ ಬಳಸುವ ಅಮೆರಿಕದ ಒಂದು ಸಣ್ಣ ಕಾಡುಪ್ರಾಣಿ) ಕೂಡ ನೆನಪಾಗುತ್ತದೆ. ಸ್ಕಿನ್ನರ್ ಅವರ ಬಳಿ ಕಲಿತ ಇವರು ನಾಣ್ಯವನ್ನು ಎತ್ತಿ ಡಬ್ಬಿಯೊಳಗೆ ಹಾಕಿದರೆ ತಿನಿಸು ಕೊಡುವ ಕ್ರಮದಲ್ಲಿ ರಕೂನಿಗೆ ತರಬೇತಿ ಕೊಟ್ಟರು. ಒಂದು ನಾಣ್ಯವಾದಾಗ ಹೇಗೋ ನಡೆಯಿತು. ಎರಡು ನಾಣ್ಯ ಕೊಟ್ಟಾಗ ಅದು ಎರಡನ್ನೂ ಮುಂಗೈಗಳಲ್ಲಿ ಹಿಡಿದು ಒಂದಕ್ಕೊಂದು ಉಜ್ಜುತ್ತ, ಡಬ್ಬಿಯೊಳಗೆ ಅದ್ದಿ ಮತ್ತೆ ಹೊರಗೆಳೆಯುತ್ತ, ಕೆಲವೊಮ್ಮೆ ನಿಮಿಷಗಟ್ಟಲೆ ಕೂತುಬಿಡುತ್ತಿತ್ತು. ಹಾಗೆ ಉಜ್ಜಿದ್ದಕ್ಕೆ ತಿನಿಸು ಸಿಗುತ್ತಿರಲಿಲ್ಲ, ತಡವಾದಷ್ಟೂ ನಷ್ಟವೇ ಆಗುತ್ತಿತ್ತು; ಆದರೂ ಆಹಾರವನ್ನು ಕೈಗಳಲ್ಲಿ ಹೊರಳಾಡಿಸಿ ಉಜ್ಜುವ ಅದರ ಹುಟ್ಟುಗುಣ ಪುನರ್ಬಲನವನ್ನು, ಅಂದರೆ ಬಹುಮಾನ ಕೊಟ್ಟು ವರ್ತನೆಯನ್ನು ಬಲಪಡಿಸುವುದನ್ನು, ಮೀರಿ ಮೇಲೆದ್ದು ಬಂದಿತು. 1961ರಲ್ಲಿ ಪ್ರಕಟವಾದ ಆ ಲೇಖನ, ಹೊರಗೆ ಕಾಣುವ ವರ್ತನೆಯನ್ನಷ್ಟೇ ಅಧ್ಯಯನ ಮಾಡಬೇಕೆನ್ನುವ ವರ್ತನಾವಾದದ ಒಳಗಿನವರೇ ಅದರ ಮಿತಿಯನ್ನು ಒಪ್ಪಿಕೊಂಡ ದಾಖಲೆ.

ಎಲ್ಲವನ್ನೂ ಸಮರ್ಥಿಸಲು ನಾನು ಬರೆಯುತ್ತಿಲ್ಲ. ಬಿಳಿ ಇಲಿಯೊಂದನ್ನೇ ನೆಚ್ಚಿಕೊಂಡು ತೌಲನಿಕ ಮನೋವಿಜ್ಞಾನ (ಬೇರೆ ಬೇರೆ ಪ್ರಾಣಿಗಳ ವರ್ತನೆಯನ್ನು ಹೋಲಿಸಿ ನೋಡುವ ಶಾಸ್ತ್ರ) ಎಂದು ಕರೆದುಕೊಳ್ಳುವುದು ಸರಿಯಲ್ಲ ಎಂದು ಫ್ರಾಂಕ್ ಬೀಚ್ 1950ರಲ್ಲಿಯೇ ಎಚ್ಚರಿಸಿದ್ದರು. ನೀರಿನಲ್ಲಿ ಬಿಟ್ಟ ಇಲಿ ಈಜುವುದನ್ನು ನಿಲ್ಲಿಸಿ ತೇಲಿದರೆ ಅದನ್ನು ಖಿನ್ನತೆಯ ಸಂಕೇತವೆಂದು ಓದುವ ಪರೀಕ್ಷೆಯೊಂದು ಬಹುಕಾಲ ಬಳಕೆಯಲ್ಲಿತ್ತು. ತೇಲುವುದು ಶಕ್ತಿ ಉಳಿಸಿಕೊಳ್ಳುವ ಜಾಣತನವೂ ಆಗಿರಬಹುದಲ್ಲವೇ ಎಂಬ ಆಕ್ಷೇಪ ನನಗೆ ಸರಿ ಅನ್ನಿಸುತ್ತದೆ. ಹೋಲಿಕೆ ಯಾವ ಮಟ್ಟದಲ್ಲಿದೆ ಎಂದು ಪ್ರತಿಸಲವೂ ತೋರಿಸಿಕೊಡಬೇಕಾದ ಹೊಣೆ ಪ್ರಯೋಗ ಮಾಡುವವರ ಮೇಲಿದೆ.

ಉತ್ತರ 3: ಒಬ್ಬ ಓದುಗ

ಇಬ್ಬರ ಬರಹವೂ ಚೆನ್ನಾಗಿದೆ. ನನ್ನದೊಂದು ಸಣ್ಣ ಸಂದೇಹ. ಇವೆಲ್ಲ ಹಳೆಯ ಕಾಲದ ಅಗತ್ಯವಾಗಿದ್ದಿರಬಹುದು. ಈಗ ಸ್ಕ್ಯಾನ್ ಯಂತ್ರದಲ್ಲಿ ಜೀವಂತ ಮನುಷ್ಯರ ಮೆದುಳನ್ನೇ ನೋಡಬಹುದು, ಸಾವಿರಾರು ಜನರನ್ನು ವರ್ಷಗಟ್ಟಲೆ ಹಿಂಬಾಲಿಸಿ ಮಾಹಿತಿ ಸಂಗ್ರಹಿಸಬಹುದು. ಇನ್ನೂ ಪ್ರಾಣಿಗಳು ಬೇಕೇ?

ಉತ್ತರ 4: ಪ್ರಯೋಗಾಲಯದಲ್ಲಿ ಕೆಲಸ ಮಾಡುವವಳು

ಎಷ್ಟೋ ಪ್ರಶ್ನೆಗಳಿಗೆ ಈಗ ಬೇಕಾಗಿಲ್ಲ, ಅದು ಸಂತೋಷದ ಸಂಗತಿ. ಆದರೆ ಸ್ಕ್ಯಾನ್ ಮುಖ್ಯವಾಗಿ ಯಾವುದರ ಜೊತೆಗೆ ಯಾವುದು ಕಾಣಿಸಿಕೊಳ್ಳುತ್ತದೆ ಎಂದು ಹೇಳುತ್ತದೆ, ಯಾವುದರಿಂದ ಯಾವುದು ಆಯಿತು ಎಂದು ಹೇಳಲು ಅದೊಂದೇ ಸಾಲದು. ಹ್ಯೂಬೆಲ್ ಮತ್ತು ವೀಸೆಲ್ ಬೆಕ್ಕಿನ ಮರಿಯ ಒಂದು ಕಣ್ಣನ್ನು ಹುಟ್ಟಿದ ಕೆಲವು ತಿಂಗಳ ಕಾಲ ಮುಚ್ಚಿಟ್ಟು ಆಮೇಲೆ ತೆರೆದಾಗ, ಕಣ್ಣು ಆರೋಗ್ಯವಾಗಿದ್ದರೂ ಮೆದುಳಿನ ದೃಷ್ಟಿಭಾಗದ ಕೋಶಗಳು ಆ ಕಣ್ಣಿಗೆ ಓಗೊಡುವುದನ್ನು ಹೆಚ್ಚುಕಡಿಮೆ ಬಿಟ್ಟೇಬಿಟ್ಟಿದ್ದವು. ಬೆಳೆದ ಬೆಕ್ಕಿನ ಕಣ್ಣನ್ನು ಅಷ್ಟೇ ಕಾಲ ಮುಚ್ಚಿದರೆ ಹಾಗಾಗಲಿಲ್ಲ. ಕಾರಣ ವಂಚಿತವಾದ ಅನುಭವವೇ, ಅದಕ್ಕೊಂದು ನಿರ್ಣಾಯಕ ಅವಧಿಯೂ ಇದೆ ಎಂದು ಖಚಿತವಾದದ್ದು ಹೀಗೆ. ಹುಟ್ಟಿನಿಂದಲೇ ಕಣ್ಣಿನ ಪೊರೆ ಇರುವ ಮಗುವಿಗೆ ಶಸ್ತ್ರಚಿಕಿತ್ಸೆಯನ್ನು ವರ್ಷಗಟ್ಟಲೆ ಮುಂದೂಡದೆ ಮೊದಲ ತಿಂಗಳುಗಳಲ್ಲೇ ಮಾಡಬೇಕು ಎಂಬುದಕ್ಕೆ ಇದು ಬಲವಾದ ಆಧಾರವಾಯಿತು. 1981ರಲ್ಲಿ ಇಬ್ಬರಿಗೂ ನೊಬೆಲ್ ಬಂದಿತು. ಆ ಬೆಕ್ಕಿನ ಮರಿಗಳನ್ನು ನೆನೆದಾಗ ನನಗೆ ನೋವಾಗುತ್ತದೆ; ಆ ಮಕ್ಕಳ ಕಣ್ಣನ್ನು ನೆನೆದಾಗ ಆ ಕೆಲಸ ನಡೆಯಬಾರದಿತ್ತು ಎನ್ನಲು ಬಾಯಿ ಬರುವುದಿಲ್ಲ.

ಪದವಿ ವಿದ್ಯಾರ್ಥಿನಿ

ಎಲ್ಲರಿಗೂ ಧನ್ಯವಾದಗಳು. ಮೇಡಂ ಕೊನೆಗೆ ಬರೆದ ವಾಕ್ಯದಲ್ಲೇ ನನ್ನ ಎರಡನೆಯ ಪ್ರಶ್ನೆ ಇದೆ. ಮನೋವಿಜ್ಞಾನಿ ಹಾರ್ಲೊ ತಾಯಿಯಿಂದ ಬೇರ್ಪಡಿಸಿ ಬೆಳೆಸಿದ ಕೋತಿಮರಿಗಳ ಚಿತ್ರವನ್ನು ತರಗತಿಯಲ್ಲಿ ತೋರಿಸಿದ ದಿನ ರಾತ್ರಿ ನನಗೆ ನಿದ್ದೆ ಬರಲಿಲ್ಲ. ತಾಯಿಯನ್ನು ಕಳೆದುಕೊಂಡ ಮರಿ ನರಳುತ್ತದೆ ಎಂದು ತಿಳಿಯಲು ಪ್ರಯೋಗ ಬೇಕಿತ್ತೇ?

ಉತ್ತರ 5: ಆಪ್ತಸಮಾಲೋಚಕಿ

ನಿಮಗೆ ನಿದ್ದೆ ಬರಲಿಲ್ಲ ಎಂಬುದನ್ನು ಓದಿ ಇದನ್ನು ಬರೆಯಲೇಬೇಕೆನಿಸಿತು. ನಾನು ಪ್ರಯೋಗಾಲಯದವಳಲ್ಲ, ಭಯ ಮತ್ತು ಖಿನ್ನತೆಯಿಂದ ಬಳಲುವವರ ಜೊತೆ ಕೆಲಸ ಮಾಡುವವಳು.

ತಾಯಿಯ ಅಪ್ಪುಗೆ ಮಗುವಿಗೆ ಬೇಕು ಎಂಬುದು ನಮಗೆ ಇಂದು ಸ್ವತಃಸಿದ್ಧ. ಆದರೆ ಕಳೆದ ಶತಮಾನದ ಮೊದಲರ್ಧದಲ್ಲಿ ವಿದ್ವಾಂಸರೇ ಇದಕ್ಕೆ ವಿರುದ್ಧವಾಗಿ ಬೋಧಿಸುತ್ತಿದ್ದರು. 1928ರಲ್ಲಿ ವರ್ತನಾವಾದದ ಪ್ರವರ್ತಕ ವಾಟ್ಸನ್ ಬರೆದ ಶಿಶುಪಾಲನೆಯ ಪುಸ್ತಕದಲ್ಲಿ ಮಕ್ಕಳನ್ನು ಅಪ್ಪಿ ಮುದ್ದಿಸಬೇಡಿ, ಬೆಳಿಗ್ಗೆ ಕೈಕುಲುಕಿದರೆ ಸಾಕು ಎಂಬ ಸಲಹೆಯಿದೆ. ಮಗು ತಾಯಿಗೆ ಅಂಟಿಕೊಳ್ಳುವುದು ಹಾಲಿನ ಸಲುವಾಗಿ ಎಂಬುದೇ ಪ್ರಬಲ ಸಿದ್ಧಾಂತವಾಗಿತ್ತು. ಹಾರ್ಲೊ 1958ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕೋತಿಮರಿಗಳಿಗೆ ಎರಡು ಕೃತಕ ತಾಯಂದಿರಿದ್ದರು, ಒಬ್ಬಳು ಬರೀ ತಂತಿಯವಳು, ಇನ್ನೊಬ್ಬಳು ಮೆತ್ತನೆಯ ಬಟ್ಟೆ ಹೊದ್ದವಳು. ಹಾಲಿನ ಬಾಟಲಿ ತಂತಿಯ ತಾಯಿಯಲ್ಲಿದ್ದಾಗಲೂ ಮರಿ ಅಲ್ಲಿಗೆ ಹೋಗಿ ಕುಡಿದು, ದಿನದ ಬಹುಪಾಲನ್ನು ಬಟ್ಟೆಯ ತಾಯಿಯನ್ನು ತಬ್ಬಿಕೊಂಡೇ ಕಳೆಯಿತು. ಹೆದರಿಸುವ ವಸ್ತುವೊಂದನ್ನು ಎದುರಿಗೆ ತಂದಾಗ ಓಡಿದ್ದೂ ಬಟ್ಟೆಯ ತಾಯಿಯ ಕಡೆಗೇ. ಹಾಲಿನ ಸಿದ್ಧಾಂತ ಅಲ್ಲಿಗೆ ಕುಸಿಯಿತು. ತಾಯಿ-ಮಗುವಿನ ಬಾಂಧವ್ಯದ ಕುರಿತು ಮನೋವೈದ್ಯ ಬೌಲ್ಬಿ ಮಂಡಿಸಿದ ವಿಚಾರಗಳಿಗೆ ಇದು ಬಲ ಕೊಟ್ಟಿತು.

ಆಮೇಲೆ ಹಾರ್ಲೊ ಮರಿಗಳನ್ನು ತಿಂಗಳುಗಟ್ಟಲೆ ಒಂಟಿಯಾಗಿ ಕೂಡಿಹಾಕಿದ ಪ್ರಯೋಗಗಳ ಬಗ್ಗೆ ನನ್ನ ಅಭಿಪ್ರಾಯ ಬೇರೆ. ತಿಳಿಯಬೇಕಾದದ್ದು ಆ ಹೊತ್ತಿಗೆ ಬಹುಮಟ್ಟಿಗೆ ತಿಳಿದಿತ್ತು. ಆ ಸಂಕಟಕ್ಕೆ ತಕ್ಕ ಹೊಸ ಅರಿವು ಬಂತು ಎಂದು ನಾನು ಒಪ್ಪುವುದಿಲ್ಲ. ಪ್ರತಿಯೊಂದು ಅಧ್ಯಯನಕ್ಕೂ ಬೇರೆ ಬೇರೆಯಾಗಿ ಲೆಕ್ಕ ಕೇಳಬೇಕು. ರಸೆಲ್ ಮತ್ತು ಬರ್ಚ್ 1959ರಲ್ಲಿ ಹೇಳಿದ ಮೂರು ಮಾತು ಇಂದು ನೈತಿಕ ಸಮಿತಿಗಳ ಅಡಿಪಾಯವಾಗಿದೆ: ಪ್ರಾಣಿಯ ಬದಲಿಗೆ ಬೇರೆ ದಾರಿ ಇದ್ದರೆ ಅದನ್ನೇ ಹಿಡಿಯುವುದು, ಬಳಸುವ ಪ್ರಾಣಿಗಳ ಸಂಖ್ಯೆಯನ್ನು ತಗ್ಗಿಸುವುದು, ನೋವು ಕಡಿಮೆಯಾಗುವಂತೆ ವಿಧಾನವನ್ನು ಸುಧಾರಿಸುವುದು. ಪ್ರಾಣಿಗಳು ನಮ್ಮಂತೆಯೇ ಇದ್ದರೆ ಹಿಂಸೆ ತಪ್ಪಲ್ಲವೇ ಎಂದು ನೀವು ಕೇಳಿದಿರಿ. ಹೌದು, ಎಷ್ಟರ ಮಟ್ಟಿಗೆ ನಮ್ಮಂತಿವೆಯೋ ಅಷ್ಟರ ಮಟ್ಟಿಗೆ ಅವುಗಳಿಗೆ ನಮ್ಮ ಮೇಲೆ ಹಕ್ಕಿದೆ. ಆ ಹಕ್ಕನ್ನು ನಾವು ಗುರುತಿಸುವಂತೆ ಮಾಡುವುದರಲ್ಲಿ ಇಂಥ ಅಧ್ಯಯನಗಳ ಪಾತ್ರ ದೊಡ್ಡದು. ಆ ಚಿತ್ರ ನಿಮ್ಮ ನಿದ್ದೆ ಕೆಡಿಸಿದ್ದು ಆ ಮರಿಯ ಸಂಕಟ ನಿಮಗೆ ಗುರುತಿನದು ಎನಿಸಿದ್ದರಿಂದಲೇ ಅಲ್ಲವೇ?

ಪ್ರಾಣಿಗಳ ಅಧ್ಯಯನವೆಲ್ಲ ಹಿಂಸೆಯೂ ಅಲ್ಲ. ಆಫ್ರಿಕಾದ ವರ್ವೆಟ್ ಕೋತಿಗಳು ಚಿರತೆ, ಹದ್ದು, ಹಾವುಗಳಿಗೆ ಬೇರೆ ಬೇರೆ ಕೂಗು ಹಾಕುತ್ತವೆ. ಧ್ವನಿಮುದ್ರಿಸಿದ ಕೂಗುಗಳನ್ನು ಮತ್ತೆ ಕೇಳಿಸಿದಾಗ ಚಿರತೆಯ ಕೂಗಿಗೆ ಮರ ಹತ್ತುವುದು, ಹದ್ದಿನ ಕೂಗಿಗೆ ಮೇಲೆ ನೋಡುವುದು, ಹಾವಿನ ಕೂಗಿಗೆ ನಿಂತು ನೆಲ ನೋಡುವುದು ಕಂಡಿತು ಎಂದು ಸೇಫಾರ್ತ್, ಚೆನಿ ಮತ್ತು ಮಾರ್ಲರ್ 1980ರಲ್ಲಿ ವರದಿ ಮಾಡಿದರು. ಕಾಡಿನಲ್ಲಿ ಸಹನೆಯಿಂದ ಕೂತು ಮಾಡಿದ ಕೆಲಸವದು.

ನನ್ನ ವೃತ್ತಿಯ ಒಂದು ಸಂಗತಿ ಹೇಳುತ್ತೇನೆ. ಲಿಫ್ಟ್ ಎಂದರೆ ಭಯಪಡುವ ಒಬ್ಬರು ನಮ್ಮಲ್ಲಿಗೆ ಬರುತ್ತಿದ್ದರು. ಮೊದಲು ಲಿಫ್ಟಿನ ಮುಂದೆ ನಿಲ್ಲುವುದು, ಆಮೇಲೆ ಬಾಗಿಲು ತೆರೆದಿಟ್ಟು ಒಳಗೆ ನಿಲ್ಲುವುದು, ಆಮೇಲೆ ಒಂದು ಮಹಡಿ, ಹೀಗೆ ಕೆಲವು ವಾರಗಳಲ್ಲಿ ನಮ್ಮ ಕಟ್ಟಡದ ಲಿಫ್ಟಿನಲ್ಲಿ ಒಬ್ಬರೇ ನಿರಾಳವಾಗಿ ಹೋಗಿಬರುವಂತಾದರು. ಮರುವಾರ ಬಂದಾಗ ಮುಖ ಬಾಡಿತ್ತು. ಅವರ ಕಚೇರಿಯ ಲಿಫ್ಟಿನ ಬಾಗಿಲು ಮುಚ್ಚಿದ ಕೂಡಲೇ ಎದೆ ಹೊಡೆದುಕೊಂಡು, ಬೆವರಿಳಿದು, ಮುಂದಿನ ಮಹಡಿಯಲ್ಲೇ ಇಳಿದುಬಿಟ್ಟಿದ್ದರು. ತಾನು ಸೋತೆ, ಇಷ್ಟು ದಿನದ ಶ್ರಮ ನೀರಿನಲ್ಲಿ ಹೋಮವಾಯಿತು ಎಂದು ಅವರು ನಂಬಿದ್ದರು. ನಾನು ಅವರಿಗೆ ಹೇಳಿದ್ದು ಇಲಿಗಳ ವಿಷಯ. ಒಂದು ಪೆಟ್ಟಿಗೆಯಲ್ಲಿ ಭಯ ಕಲಿತ ಇಲಿಗೆ ಇನ್ನೊಂದು ಪೆಟ್ಟಿಗೆಯಲ್ಲಿ ಆ ಭಯ ಆರಿಹೋಗುವಂತೆ ಮಾಡಿ, ಮತ್ತೆ ಮೊದಲಿನ ಪೆಟ್ಟಿಗೆಗೆ ಬಿಟ್ಟರೆ ಭಯ ಮರಳುತ್ತದೆ ಎಂದು ಬೌಟನ್ ಮತ್ತು ಇತರರು ತೋರಿಸಿದ್ದಾರೆ. ವಿಲೋಪನವೆಂದರೆ ಹಳೆಯ ಭಯ ಅಳಿಸಿಹೋಗುವುದಲ್ಲ, ಅದರ ಮೇಲೆ ಹೊಸ ಕಲಿಕೆ ಕೂರುವುದು. ಆ ಹೊಸ ಕಲಿಕೆ ಕಲಿತ ಜಾಗಕ್ಕೆ ಅಂಟಿಕೊಂಡಿರುತ್ತದೆ. ಆದ್ದರಿಂದ ಅಭ್ಯಾಸವನ್ನು ಹಲವು ಜಾಗಗಳಲ್ಲಿ ಮಾಡಬೇಕು. ಅವರು ಬಹಳ ಹೊತ್ತು ಸುಮ್ಮನಿದ್ದು, ಹಾಗಾದರೆ ಇದು ನನ್ನ ದೌರ್ಬಲ್ಯವಲ್ಲವೇ ಎಂದು ಕೇಳಿದರು. ಆಮೇಲೆ ನಾಲ್ಕೈದು ಬೇರೆ ಬೇರೆ ಕಟ್ಟಡಗಳ ಲಿಫ್ಟುಗಳಲ್ಲಿ ಅಭ್ಯಾಸ ಮಾಡಿದೆವು.

ಕಲಿತ ಅಸಹಾಯಕತೆಯ ಬಗ್ಗೆಯೂ ನೀವು ಮುಂದೆ ಓದುತ್ತೀರಿ. ತಪ್ಪಿಸಿಕೊಳ್ಳಲಾಗದ ಪೆಟ್ಟು ತಿಂದ ನಾಯಿಗಳು ಆಮೇಲೆ ದಾರಿ ಇದ್ದರೂ ತಪ್ಪಿಸಿಕೊಳ್ಳಲು ಯತ್ನಿಸಲಿಲ್ಲ ಎಂದು 1967ರಲ್ಲಿ ಸೆಲಿಗ್ಮನ್ ಮತ್ತು ಮೇಯರ್ ಬರೆದರು. ಅದೇ ಇಬ್ಬರು 2016ರಲ್ಲಿ ಇಲಿಗಳ ಮೆದುಳಿನ ಅಧ್ಯಯನಗಳನ್ನು ಆಧರಿಸಿ ತಮ್ಮ ವಾದವನ್ನು ತಾವೇ ತಿದ್ದಿದರು: ದೀರ್ಘ ಸಂಕಟದಲ್ಲಿ ಮುದುಡಿಕೊಳ್ಳುವುದು ಮೂಲ ಪ್ರತಿಕ್ರಿಯೆ, ಕಲಿಯಬೇಕಾದದ್ದು ಪರಿಸ್ಥಿತಿ ತನ್ನ ಹಿಡಿತದಲ್ಲಿದೆ ಎಂಬುದನ್ನು. ನನ್ನ ಕೆಲಸದಲ್ಲಿ ಈ ತಿದ್ದುಪಡಿಗೆ ಬಹಳ ಬೆಲೆಯಿದೆ. ಕುಗ್ಗಿದವರಿಗೆ ಅಸಹಾಯಕತೆಯನ್ನು ಬಿಡಿ ಎನ್ನುವ ಬದಲು, ಅವರ ಕೈಗೆ ಎಟುಕುವ ಒಂದು ಸಣ್ಣ ಕೆಲಸವನ್ನು ಹುಡುಕಿ ಅದರಿಂದ ಶುರುಮಾಡುತ್ತೇವೆ.

ಉತ್ತರ 6: ನಿವೃತ್ತ ಉಪನ್ಯಾಸಕ

ವಿದ್ಯಾರ್ಥಿನಿಗೆ ಒಂದು ಸಣ್ಣ ಅಭ್ಯಾಸ ಸೂಚಿಸುತ್ತೇನೆ. ಯಾವುದಾದರೂ ಪ್ರಾಣಿಯನ್ನು ಕಾಲು ಗಂಟೆ ನೋಡಿ, ಕಂಡದ್ದನ್ನು ಮಾತ್ರ ಬರೆಯಿರಿ. ಒಳಗಿನ ಭಾವವನ್ನು ಹೇಳುವ ಪದ ಬಂದರೆ ಹೊಡೆದುಹಾಕಿ, ಆ ಪದವನ್ನು ನಿಮಗೆ 'ಬರೆಸಿದ' ಚಲನೆ ಯಾವುದೋ ಅದನ್ನು ಬರೆಯಿರಿ. ತಪ್ಪು ಮಾಡಿದ ನಾಯಿಯ ಮುಖದಲ್ಲಿ ಪಶ್ಚಾತ್ತಾಪ ಕಾಣುತ್ತದೆ ಎನ್ನುತ್ತೇವಲ್ಲ, ಆ ಮುಖ ತಪ್ಪು ಮಾಡಿದ್ದಕ್ಕಿಂತ ಯಜಮಾನರು ಗದರಿದ್ದಕ್ಕೆ ಹೆಚ್ಚು ಬರುತ್ತದೆ, ತಪ್ಪೇ ಮಾಡದ ನಾಯಿಯಲ್ಲೂ ಬರುತ್ತದೆ ಎಂದು ಹೊರೊವಿಟ್ಜ್ 2009ರಲ್ಲಿ ತೋರಿಸಿದ್ದು ಇದೇ ಶಿಸ್ತಿನಿಂದ.

ಪದವಿ ವಿದ್ಯಾರ್ಥಿನಿ

ಸರ್, ನೀವು ಹೇಳಿದಂತೆ ಮಾಡಿದೆ. ಮುಚ್ಚಿದ ಬಾಗಿಲ ಮುಂದೆ ಕೂತಿದ್ದ ಒಂದು ಬೆಕ್ಕನ್ನು ನೋಡಿದೆ. ಮೊದಲ ಸಾಲಿನಲ್ಲೇ ‘ಬೇಸರದಿಂದ ಕಾಯುತ್ತಿದೆ’ ಎಂದು ಬರೆದು ಎರಡು ಪದಗಳನ್ನೂ ಹೊಡೆದುಹಾಕಬೇಕಾಯಿತು. ಉಳಿದದ್ದು ಇಷ್ಟು: ಬಾಲದ ತುದಿ ಮಾತ್ರ ಅಲುಗುತ್ತಿತ್ತು, ಒಳಗೆ ಪಾತ್ರೆಯ ಸದ್ದಾದಾಗಲೆಲ್ಲ ಎರಡೂ ಕಿವಿ ಬಾಗಿಲ ಕಡೆ ತಿರುಗಿದವು, ಮಾತಿನ ಸದ್ದು ಬಂದಾಗ ತಿರುಗಲಿಲ್ಲ, ಕಾಲು ಗಂಟೆಯಲ್ಲಿ ಮೂರು ಸಲ ಬಾಗಿಲನ್ನು ಕೆರೆಯಿತು, ಮೂರೂ ಸಲ ಪಾತ್ರೆಯ ಸದ್ದಿನ ಬೆನ್ನಿಗೇ. ‘ಬೇಸರ’ ಎಂದು ಬರೆದಿದ್ದರೆ ಪಾತ್ರೆಯ ಸದ್ದನ್ನು ನಾನು ಗಮನಿಸುತ್ತಲೇ ಇರಲಿಲ್ಲ. ನಾಳೆ ಬಾಗಿಲು ತೆರೆದಿರುವಾಗಲೂ ಪಾತ್ರೆಯ ಸದ್ದಿಗೆ ಕಿವಿ ತಿರುಗುತ್ತದೆಯೇ ಎಂದು ನೋಡಬೇಕೆಂದಿದ್ದೇನೆ. ಪಾತ್ರೆ ಸದ್ದು ಮಾಡುವವರಿಗೆ ನಾನು ನೋಡುತ್ತಿರುವುದು ತಿಳಿಯಬಾರದು, ಅಲ್ಲವೇ ಸರ್?